ಗುಡ್ಡ ನೋಡುತ್ತ ಕೂತ ರುದ್ರಣ್ಣ

ತನ್ನ ಕಂಪ್ಯೂಟರನ್ನು ನನ್ನ ಕೈಗೆ ಒಪ್ಪಿಸಿದ ಕೂಡಲೇ ರುದ್ರಣ್ಣ ಮುಖ ತಿರುಗಿಸಿಬಿಡುತ್ತಿದ್ದ. ನಾನಿರುವುದು ಚಿಕ್ಕಮಗಳೂರಿನಲ್ಲಿ, ಅವನಿದ್ದದ್ದು ಬಣಕಲ್‌ನಲ್ಲಿ. ಅವನ ಪರದೆ ನನ್ನ ಪರದೆಯೊಳಗೆ ತೆರೆದುಕೊಂಡು, ಅವನ ಬಾಣದ ಗುರುತು ನನ್ನ ಕೈ ಹೇಳಿದಂತೆ ಓಡಾಡಲು ತೊಡಗಿತೆಂದರೆ, ಆ ಕಡೆ ಅವನು ಕುರ್ಚಿಯನ್ನು ತಿರುಗಿಸಿಕೊಂಡು ಅಂಗಡಿಯ ಬಾಗಿಲಾಚೆ ಕಾಣುವ ಗುಡ್ಡ ನೋಡುತ್ತ ಕೂರುತ್ತಿದ್ದ. ಕೆಲಸ ಮುಗಿಯುವ ತನಕ ಪರದೆಯತ್ತ ಕಣ್ಣು ಹಾಯಿಸುತ್ತಿರಲಿಲ್ಲ. ಆಮೇಲೆ ಫೋನಿನಲ್ಲಿ ಕೇಳುತ್ತಿದ್ದುದು ಒಂದೇ ಮಾತು:

"ಆಯ್ತಾ ಮಾರಾಯ? ತಿರುಗ್ಲಾ?"

ಇದು ಸಂಕೋಚ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಯಂತ್ರದ ಭಯ ಎಂದೂ ಅನಿಸಿತ್ತು. ಎರಡೂ ಅಲ್ಲ. ಅವನ ಅಪ್ಪ ದನದ ವ್ಯಾಪಾರದಲ್ಲಿ ದಲ್ಲಾಳಿಯಾಗಿದ್ದವರು. ಆ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಒಂದು ಟವೆಲ್ ಹಾಕಿ, ಅದರಡಿ ಬೆರಳು ಹಿಡಿದು ತಿಳಿಸುತ್ತಾರೆ. ಬೆರಳು ಹಿಡಿದಿರುವಾಗ ಟವೆಲನ್ನು ನೋಡಬಾರದು, ಎದುರಿನವನ ಮುಖವನ್ನೂ ನೋಡಬಾರದು, ದೂರದ ಗುಡ್ಡವನ್ನೋ ಮರವನ್ನೋ ನೋಡಬೇಕು ಎಂದು ಅಪ್ಪ ಕಲಿಸಿದ್ದರಂತೆ. ನೋಡಿದರೆ ಸುತ್ತ ನಿಂತವರು ಮುಖದಲ್ಲೇ ಬೆಲೆ ಓದಿಬಿಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಕೈ ಕೊಟ್ಟವನಿಗೆ ಇವನು ನನ್ನನ್ನು ನಂಬಿಲ್ಲ ಅನಿಸುತ್ತದೆ. ರುದ್ರಣ್ಣ ದನದ ವ್ಯಾಪಾರ ಮಾಡಲಿಲ್ಲ. ಬಣಕಲ್‌ನಲ್ಲಿ ಕಾಳುಮೆಣಸು, ಏಲಕ್ಕಿ, ಕಾಫಿಪುಡಿಯ ಅಂಗಡಿ ಇಟ್ಟುಕೊಂಡ. ಆದರೆ ಆ ಪಾಠ ಮಾತ್ರ ಅವನ ಕತ್ತಿನಲ್ಲಿ ಉಳಿದುಬಿಟ್ಟಿತ್ತು.

"ಕೈ ಕೊಟ್ ಮೇಲೆ ಕಣ್ಣು ಕೊಡ್ಬಾರ್ದು," ಎನ್ನುತ್ತಿದ್ದ. "ನಾ ನೋಡ್ತಾ ಕೂತ್ರೆ ನಿನ್ ಬೆರಳು ನಡುಗ್ತವೆ. ನೀ ತಪ್ ಮಾಡ್ತಿ. ನಂಗೇನು ಲಾಭ?"

ನನ್ನದು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಕ್ಷರ ಜೋಡಿಸುವ ಸಣ್ಣ ಅಂಗಡಿ. ಮದುವೆ, ನಾಮಕರಣ, ಗೃಹಪ್ರವೇಶ, ತೀರಿಕೊಂಡವರ ಶಿವಗಣಾರಾಧನೆಯ ಕಾರ್ಡುಗಳು ನನ್ನ ಕೆಲಸ. ರುದ್ರಣ್ಣನ ಪರಿಚಯವಾದದ್ದೂ ಅದರಿಂದಲೇ. ಬಣಕಲ್ಲಿನಿಂದ ಬಾಳೂರಿನವರೆಗೆ ಅವರ ಬಳಗದಲ್ಲಿ ಯಾರ ಮನೆಯ ಕಾರ್ಡಾದರೂ ಅವನ ಮೂಲಕವೇ ಬರಬೇಕು. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರ ಹೆಸರು ಬಿಟ್ಟರೆ ಎಷ್ಟು ವರ್ಷದ ಮುನಿಸು ಎಂಬುದು ಅವನಿಗೆ ಬಾಯಿಪಾಠ. "ಈ ಮಾವನ್ನ ಆ ಮಾವನ ಪಕ್ಕ ಹಾಕ್ಬೇಡ ಮಾರಾಯ, ಕಾರ್ಡಲ್ಲೇ ಜಗಳ ಆಡ್ಕೊಂಡಾರು," ಎಂದು ಅವನು ಹೇಳಿದರೆ ನಾನು ಇಬ್ಬರ ನಡುವೆ ಒಂದು ಹೂವಿನ ಬಳ್ಳಿ ಹಾಕುತ್ತಿದ್ದೆ.

ಮೊದಲು ಅವನೇ ಬಸ್ಸಿನಲ್ಲಿ ಬರುತ್ತಿದ್ದ. ನನ್ನ ಪಕ್ಕ ಸ್ಟೂಲಿನ ಮೇಲೆ, ನನಗೆ ಬೆನ್ನು ಹಾಕಿ ಕೂತು ಹೆಸರುಗಳನ್ನು ಹೇಳುತ್ತಿದ್ದ. ಆಮೇಲೆ ಅವನ ಮಗಳು ಶೈಲಾ ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್ ತಂದು ಅಂಗಡಿಯಲ್ಲಿಟ್ಟಳು. ಆದರೆ ನಾನು ಕಳಿಸಿದ ಕಾರ್ಡನ್ನು ಅಲ್ಲಿ ತೆರೆದರೆ ಒತ್ತಕ್ಷರಗಳೆಲ್ಲ ಕಳಚಿ ಬೀಳುತ್ತಿದ್ದವು. ಅದಕ್ಕೇ ಈ ಪರದೆ ಹಂಚಿಕೊಳ್ಳುವ ವ್ಯವಸ್ಥೆ. ನಾನು ಇಲ್ಲಿ ಕೂತು ಅವನ ಯಂತ್ರದಲ್ಲೇ ಅಕ್ಷರ ಜೋಡಿಸುವುದು, ಅವನು ಅಲ್ಲಿಯೇ ಮುದ್ರಿಸಿಕೊಳ್ಳುವುದು.

ಮೊದಲ ದಿನ ಅವನ ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಬಾಣದ ಗುರುತು ತಾನಾಗಿ ಓಡಿದ್ದನ್ನು ಕಂಡು ಒಬ್ಬರು ಹತ್ತಿರ ಬಂದಿರಬೇಕು. ಫೋನಿನಲ್ಲಿ ರುದ್ರಣ್ಣನ ದನಿ ಕೇಳಿತು.

"ರೀ, ಏನ್ ನೋಡ್ತೀರಿ? ಅವ್ರು ಚಿಕ್ಮಗ್ಳೂರಿಂದ ಕೈ ಹಾಕಿದಾರೆ. ತಿರುಗಿ ಆ ಕಡೆ."

"ಯಾಕೆ ರುದ್ರಣ್ಣ, ಬಟ್ಟೆ ಬದಲಾಯಿಸ್ತಿದಾರಾ?"

"ಹೌದು, ನಿಮ್ದೇ ಬದಲಾಯಿಸ್ತಾರೆ. ತಿರುಗಿ ಸುಮ್ನೆ."

ಮೆಣಸು ಕೊಳ್ಳಲು ಬಂದವರೆಲ್ಲ ರಸ್ತೆಯತ್ತ ಮುಖ ಮಾಡಿ ಸಾಲಾಗಿ ನಿಂತಿದ್ದರು ಎಂದು ಶೈಲಾ ಆಮೇಲೆ ನಗುತ್ತ ಹೇಳಿದಳು.

ಅವನ ಈ ನಡತೆ ನನಗೂ ಒಂದು ನಡತೆ ಕಲಿಸಿತು. ಬೇರೆಯವರ ಪರದೆಯೊಳಗೆ ಕೂತವನಿಗೆ ಬೇಡದ್ದೆಲ್ಲ ಕಾಣುತ್ತದೆ. ಮೂಲೆಯಲ್ಲಿ ಮಗಳ ಸಂದೇಶ ಮೇಲೇಳುತ್ತದೆ, ಆಸ್ಪತ್ರೆಯದ್ದು ಬರುತ್ತದೆ. ಅಂಥದ್ದು ಮಿಂಚಿದಾಗ ನಾನು ಕಣ್ಣನ್ನು ಕೀಲಿಮಣೆಗೆ ಇಳಿಸುತ್ತಿದ್ದೆ. ಅವನು ಅಲ್ಲಿ ಗುಡ್ಡ ನೋಡುತ್ತಿದ್ದರೆ ನಾನು ಇಲ್ಲಿ ಕೀಲಿಮಣೆ ನೋಡುತ್ತಿದ್ದೆ. ಪರದೆಯನ್ನು ಇಬ್ಬರೂ ನೋಡದೆ ಎಷ್ಟೋ ಕಾರ್ಡುಗಳು ತಯಾರಾದವು.

ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಮಾತ್ರ ಅವನು ಅಂಗಡಿಯನ್ನು ಶೈಲಾಗೆ ಬಿಟ್ಟು, ಲ್ಯಾಪ್‌ಟಾಪನ್ನು ಜೊತೆಗೆ ಒಯ್ದು, ಬಾಳೂರಿನ ಮೇಲಿದ್ದ ತನ್ನ ಸಣ್ಣ ತೋಟಕ್ಕೆ ಹೋಗಿರುತ್ತಿದ್ದ. ಅಲ್ಲಿ ನೆಟ್‌ವರ್ಕ್ ಇಲ್ಲ. ತೋಟದ ಮೇಲಿನ ತಿರುವಿನಲ್ಲಿ, ಗಾಳಿಕಟ್ಟೆ ಎಂದು ಅವರು ಕರೆಯುವ ಜಾಗದಲ್ಲಿ ಹಳೆಯ ಎಸ್ಟೇಟ್ ಗೇಟಿನ ಒಂದು ಕಲ್ಲುಕಂಬ ನಿಂತಿದೆ. ಆ ಕಂಬದ ನೆತ್ತಿಯ ಮೇಲೆ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ಕಂಬದ ಬುಡದಲ್ಲಿ ನಿಂತರೂ ಸಿಗುವುದಿಲ್ಲ. ರುದ್ರಣ್ಣ ಮಂಜಿಗೆ ನೆನೆಯದಂತೆ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಬದ ಮೇಲಿಟ್ಟು, ಅದರ ನೆಟ್‌ವರ್ಕನ್ನು ಲ್ಯಾಪ್‌ಟಾಪಿಗೆ ಕೊಟ್ಟು, ತಾನು ಸ್ವಲ್ಪ ದೂರದಲ್ಲಿ ಜೀಪಿನೊಳಗೆ ಕೂರುತ್ತಿದ್ದ. ಹಳೆಯ ಫೋನು. ಕರೆ ಬಂದರೆ ನೆಟ್ ಕಡಿದುಹೋಗುತ್ತಿತ್ತು. ಲ್ಯಾಪ್‌ಟಾಪಿನ ಸ್ಪೀಕರಿಗೆ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಧೂಳು ಹೊಕ್ಕು ಅದು ಎಂದೋ ಸತ್ತಿತ್ತು. ಹಾಗಾಗಿ ಜೀಪಿನಲ್ಲಿದ್ದಾಗ ನಮ್ಮ ನಡುವೆ ಮಾತಿಲ್ಲ. ಹೆಸರುಗಳನ್ನೆಲ್ಲ ಮೊದಲೇ ಫೋನಿನಲ್ಲಿ ಹೇಳಿ, ಪರದೆ ಒಪ್ಪಿಸಿ, ಒಂದು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅದನ್ನು ಜಗಿದು ಮುಗಿಸಿದ ಮೇಲೆಯೇ ಅವನು ತಿರುಗುವುದು. ಅಷ್ಟರೊಳಗೆ ನಾನು ಕೆಲಸ ಮುಗಿಸಬೇಕು. ಇದು ನಮ್ಮ ಒಪ್ಪಂದ.

ಆ ದಿನ ಬೆಳಿಗ್ಗೆ ಬಣಕಲ್ಲಿನ ಒಬ್ಬ ಹಿರಿಯಮ್ಮನ ಶಿವಗಣಾರಾಧನೆಯ ಕಾರ್ಡು. ಅವನು ಬಣಕಲ್ಲಿಗೆ ಇಳಿದು ಮುದ್ರಿಸಿ ಸಂಜೆಯೊಳಗೆ ಹಂಚಬೇಕಿತ್ತು. ರುದ್ರಣ್ಣ ಫೋನನ್ನು ಕಂಬದ ನೆತ್ತಿಗೆ ಎತ್ತಿ ಹಿಡಿದು, ಅದರ ಸ್ಪೀಕರ್ ಹಾಕಿ ಹೆಸರು ಹೇಳಿದ. "ಮಂಜು ಹ್ಯಾಗಿದೆ ಅಂದ್ರೆ, ನನ್ ಜೀಪೇ ನಂಗೆ ಕಾಣ್ತಿಲ್ಲ. ಇವತ್ ಗುಡ್ಡನೂ ಇಲ್ಲ ನೋಡೋಕೆ," ಎಂದ. "ಹಂಗಾರೆ ಪರದೆ ನೋಡು," ಎಂದೆ. "ಮಂಜನ್ನೇ ನೋಡ್ತೀನಿ ಬಿಡು," ಎಂದು ಫೋನನ್ನು ಕಂಬದ ಮೇಲಿಟ್ಟ.

ಪರದೆ ತೆರೆಯಿತು. ನಾನು ಮೇಲಿನ ಸಾಲು ಜೋಡಿಸಿ, ದೇವರ ಹೆಸರು ಹಾಕಿ, ಅಮ್ಮನ ಹೆಸರಿಗೆ ಬಂದೆ. ಮೂಲೆಯಲ್ಲಿ ಒಂದು ಸಂದೇಶ ಮೇಲೆದ್ದಿತು. ವಾಡಿಕೆಯಂತೆ ಕಣ್ಣು ಇಳಿಸಿದೆ. ಆದರೆ ಇಳಿಸುವ ಮೊದಲೇ ಒಂದು ಪದ ಕಣ್ಣಿಗೆ ಸಿಕ್ಕಿಬಿಟ್ಟಿತ್ತು: ಗಾಳಿಕಟ್ಟೆ. ಕಣ್ಣೆತ್ತಿ ಓದಿದೆ. ಆ ಭಾಗದ ತೋಟದವರು ಆನೆಯ ಸುದ್ದಿ ಹಂಚಿಕೊಳ್ಳಲು ಮಾಡಿಕೊಂಡ ಗುಂಪಿನ ಸಂದೇಶ ಅದು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಹಾಕಿದ್ದರು.

"ಒಂಟಿ ಸಲಗ. ಗಾಳಿಕಟ್ಟೆ ಗೇಟ್ ಕಡೆ ಇಳೀತಾ ಇದೆ. ಯಾರೂ ಆ ದಾರಿ ಹಿಡೀಬೇಡಿ."

ಇನ್ನು ಮುಂದಿನದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಎಷ್ಟೋ ಸಲ ಮನಸ್ಸಿನಲ್ಲಿ ಹಿಂದೆಮುಂದೆ ಮಾಡಿ ನೋಡಿದ್ದೇನೆ; ಕ್ರಮ ತಪ್ಪಿದರೆ ನನಗೇ ಅರ್ಥವಾಗುವುದಿಲ್ಲ.

ಮೊದಲು ಕಾರ್ಡಿನ ಮೇಲೆಯೇ ದೊಡ್ಡದಾಗಿ ಬರೆದೆ: ಆನೆ. ಬಾಣದ ಗುರುತು ಅಲುಗಲಿಲ್ಲ. ಅವನು ಮಂಜು ನೋಡುತ್ತಿದ್ದ.

ನನ್ನ ಫೋನ್ ಕೈಗೆತ್ತಿಕೊಂಡೆ. ಅವನ ಹೆಸರಿನ ಮೇಲೆ ಹೆಬ್ಬೆರಳು ಇಟ್ಟು ನಿಂತೆ. ಕರೆ ಮಾಡಿದರೆ ಫೋನು ಬಡಿದುಕೊಳ್ಳುವುದು ಕಂಬದ ಮೇಲೆ. ಕಂಬವಿರುವುದು ಗೇಟಿನಲ್ಲಿ. ಬಡಿದುಕೊಂಡರೆ ರುದ್ರಣ್ಣ ಜೀಪಿನಿಂದ ಇಳಿದು ಅದರತ್ತಲೇ ನಡೆಯುತ್ತಾನೆ, ತನ್ನ ಜೀಪೇ ಕಾಣದ ಆ ಮಂಜಿನಲ್ಲಿ. ಹೆಬ್ಬೆರಳು ತೆಗೆದೆ.

ಆಗ ಹೊಳೆದದ್ದು, ಆ ಗುಂಪಿಗೆ ನಾನೇ ಬರೆಯಬಹುದು ಎಂದು. ಅವನ ಯಂತ್ರ ನನ್ನ ಕೈಯಲ್ಲೇ ಇತ್ತಲ್ಲ. ಬರೆದೆ: "ರುದ್ರಣ್ಣ ಗೇಟಿನ ಹತ್ತಿರ ಜೀಪಿನಲ್ಲಿದ್ದಾರೆ. ಅವರಿಗೆ ಗೊತ್ತಿಲ್ಲ. ಯಾರಾದರೂ ಹೋಗಿ ಹೇಳಿ."

ರೈಟರಿಂದ ಉತ್ತರ ಬಂತು. "ನೀವೇ ಅಲ್ಲಿದ್ದು ನಿಮಗೇ ಗೊತ್ತಿಲ್ಲ ಅಂತೀರಲ್ಲ ರುದ್ರಣ್ಣ, ಇದು ತಮಾಷೆ ಮಾಡೋ ಹೊತ್ತಾ? ಓದಿದ್ರಲ್ಲ, ಸಾಕು. ಜೀಪಿಂದ ಇಳೀಬೇಡಿ. ಹಾರ್ನ್ ಹೊಡೀಬೇಡಿ, ಸ್ಟಾರ್ಟ್ ಮಾಡ್ಬೇಡಿ. ಅದು ಸಿಟ್ಟಲ್ಲಿದೆ."

ಸಂದೇಶ ಹೋದದ್ದು ರುದ್ರಣ್ಣನ ಹೆಸರಿನಲ್ಲಿ. ಅವನೇ ಬರೆದನೆಂದು ಎಲ್ಲರೂ ನಂಬಿದರು. ಅವನಿಗೆ ವಿಷಯ ತಿಳಿಯಿತೆಂದು ಸಮಾಧಾನಪಟ್ಟುಕೊಂಡರು. ಒಬ್ಬರು ಕೈಮುಗಿದ ಚಿತ್ರ ಹಾಕಿದರು. "ನಾನು ರುದ್ರಣ್ಣ ಅಲ್ಲ, ಚಿಕ್ಕಮಗಳೂರಿನಿಂದ ಅವನ ಗೆಳೆಯ" ಎಂದು ಮತ್ತೆ ಬರೆದೆ. ಅದಕ್ಕೆ ಯಾರೂ ಉತ್ತರಿಸಲಿಲ್ಲ.

ಆ ಕಂಬ, ಆ ಜೀಪು, ಆ ಮಂಜು ಯಾವುದೂ ನನಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಒಂದು ಅರ್ಧ ಕಾರ್ಡು, ಅದರ ಮೇಲೆ ಆನೆ ಎಂಬ ಪದ, ನಿಂತಲ್ಲೇ ನಿಂತ ಬಾಣ. ಎಲೆಅಡಿಕೆ ಎಷ್ಟು ಜಗಿದಿರಬಹುದು ಎಂದು ಯೋಚಿಸಿದೆ. ಅವನು ನಿಧಾನವಾಗಿ ಜಗಿಯುವವನು. ಅದು ಮುಗಿದರೆ ಉಗುಳಲು ಬಾಗಿಲು ತೆರೆದು ಇಳಿಯುತ್ತಾನೆ ಎಂಬುದೂ ನೆನಪಾಯಿತು.

ಪುಟದ ತುಂಬ ಒಂದು ಕಪ್ಪು ಚೌಕ ಎಳೆದೆ. ಅದನ್ನು ಅಳಿಸಿದೆ. ಮತ್ತೆ ತಂದೆ, ಮತ್ತೆ ಅಳಿಸಿದೆ. ಮಂಜಿಗೆ ಜೀಪಿನೊಳಗೆ ಕತ್ತಲಿರುತ್ತದೆ. ಪರದೆ ಕಪ್ಪಾಗಿ ಬಿಳುಪಾದರೆ ಅವನು ನೋಡುತ್ತಿರುವ ಗಾಜಿನಲ್ಲಿ ಆ ಬೆಳಕು ಬಿದ್ದೀತು ಎಂಬುದೊಂದೇ ಆಸೆ. ಕಪ್ಪು, ಬಿಳಿ, ಕಪ್ಪು, ಬಿಳಿ. ನೆಟ್‌ವರ್ಕ್ ತೆವಳುತ್ತಿತ್ತು. ನಾನು ಒತ್ತಿದ್ದು ಅಲ್ಲಿ ಎಷ್ಟು ತಡವಾಗಿ ಕಾಣುತ್ತಿದೆಯೋ, ಕಾಣುತ್ತಲೇ ಇದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ಒತ್ತುತ್ತಲೇ ಇದ್ದೆ.

ಬಾಣ ಅಲುಗಿತು.

ನಾನಲ್ಲ ಅಲುಗಿಸಿದ್ದು. ನನ್ನ ಎರಡೂ ಕೈ ಕೀಲಿಮಣೆಯ ಮೇಲಿದ್ದವು. ಬಾಣ ಸ್ವಲ್ಪ ಬಲಕ್ಕೆ ಹೋಗಿ ನಿಂತಿತು. ನಾನು ಚೌಕ ತೆಗೆದು, ಆನೆ ಎಂಬುದರ ಕೆಳಗೆ ಬರೆದೆ: ಗೇಟಿನಲ್ಲಿ. ಇಳಿಯಬೇಡ. ಹಾರ್ನ್ ಬೇಡ. ಬಾಣ ಆ ಸಾಲಿನ ಕೆಳಗೆ ಎಡದಿಂದ ಬಲಕ್ಕೆ ನಿಧಾನವಾಗಿ ಸರಿಯಿತು, ಮಕ್ಕಳು ಬೆರಳಿಟ್ಟು ಓದುವ ಹಾಗೆ. ಕೊನೆಯ ಪದದ ಹತ್ತಿರ ನಿಂತಿತು. ಆಮೇಲೆ ಪರದೆ ಮಾಯವಾಯಿತು. ಸಂಪರ್ಕ ಕಡಿದಿದೆ ಎಂಬ ಬರಹ ಮಾತ್ರ ಉಳಿಯಿತು.

ಅವನು ಬೆಳಕು ಕಾಣದಿರಲೆಂದು ಲ್ಯಾಪ್‌ಟಾಪ್ ಮುಚ್ಚಿದನೋ, ಅಥವಾ ಕಂಬದ ಮೇಲಿನ ಫೋನಿಗೇ ಏನಾದರೂ ಆಯಿತೋ? ನಾನು ಫೋನ್ ಹಿಡಿದು ನಿಂತೇ ಇದ್ದೆ. ಕರೆ ಮಾಡಲು ಯಾವಾಗ ಸುರಕ್ಷಿತ? ಆನೆ ಹೋಯಿತೆಂದು ತಿಳಿಯಬೇಕಾದರೆ ಕರೆ ಮಾಡಬೇಕು. ಹೋಗಿರದಿದ್ದರೆ ಕರೆ ಮಾಡಬಾರದು. ಶೈಲಾಗೆ ಹೇಳಲು ಹೆಸರು ತೆಗೆದೆ. ಹೇಳಿದರೆ ಅವಳು ಮಾಡುವ ಮೊದಲ ಕೆಲಸವೂ ಅಪ್ಪನಿಗೆ ಕರೆ ಮಾಡುವುದೇ. ಹೇಳಲಿಲ್ಲ. ಅಂಗಡಿಗೆ ಒಬ್ಬರು ಮದುವೆಯ ಕಾರ್ಡು ಮಾಡಿಸಲು ಬಂದು, ನನ್ನ ಮುಖ ನೋಡಿ, "ಆಮೇಲ್ ಬರ್ತೀನಿ," ಎಂದು ಹೋದರು.

ಬಿಸಿಲು ಓಣಿಗೆ ಇಳಿದ ಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ರೈಟರ ಫೋನು. ಮಾತಾಡಿದವನು ರುದ್ರಣ್ಣ.

"ಆಯ್ತಾ ಮಾರಾಯ? ತಿರುಗ್ಲಾ?"

"ಎಲ್ಲಿದೀಯ ನೀನು?" ಎಂದೆ.

"ಕಾರ್ಡ್ ಮುಗೀತಾ ಅಂತ ಕೇಳ್ದೆ. ಸಂಜೆ ಹಂಚ್ಬೇಕಲ್ಲ," ಎಂದ. ಅವನ ದನಿ ಎಂದಿನಂತಿರಲಿಲ್ಲ. ತಮಾಷೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತವನ ದನಿ ಅದು.

ಕೊಯ್ಲು ಮುಗಿದ ಮೇಲೆ ಅವನು ಚಿಕ್ಕಮಗಳೂರಿಗೆ ಬಂದ. ಸ್ಟೂಲಿನ ಮೇಲೆ ಕೂತು ನಡೆದದ್ದನ್ನು ಹೇಳಿದ. ಗಾಜಿನ ಮೇಲೆ ಬೆಳಕು ಬಡಿದದ್ದನ್ನು ಕಂಡು, ಯಾವುದೋ ಗಾಡಿ ಬಂತೆಂದು ಮೊದಲು ತಿಳಿದನಂತೆ. ಗಾಡಿಯ ಸದ್ದಿಲ್ಲವಲ್ಲ ಎಂದು ತಿರುಗಿದನಂತೆ. ಓದಿ ಲ್ಯಾಪ್‌ಟಾಪ್ ಮುಚ್ಚಿದ ಸ್ವಲ್ಪ ಹೊತ್ತಿಗೆ ಮಂಜೇ ಕಪ್ಪಾಗಿ ಮುಂದೆ ಬಂದಂತಾಯಿತಂತೆ.

"ಅಷ್ಟೊತ್ತಿಗೆ ಮಂಜು ಒಂಚೂರು ಸರಿದಿತ್ತು. ಕಂಬದ್ ಮೇಲಿನ ಚೀಲ ಎತ್ಕೊಳ್ತು. ನಮ್ಮನೆ ಎಮ್ಮೆ ಹುಲ್ ಎಳಿಯುತ್ತಲ್ಲ, ಅಷ್ಟೇ ಮೆತ್ಗೆ. ಆಮೇಲೆ ಕಂಬನ ನೂಕ್ತು. ಜೀಪ್ ಪಕ್ಕದಲ್ಲೇ ಹೋಯ್ತು ಮಾರಾಯ. ಗಾಜಿನ ಮೇಲೆ ಅದ್ರ ಉಸಿರು. ನನ್ ಬಾಯ್ ತುಂಬ ಎಲೆಅಡಿಕೆ, ಉಗುಳೋಹಂಗಿಲ್ಲ, ನುಂಗೋಹಂಗಿಲ್ಲ."

"ಏನ್ ಮಾಡ್ದೆ?"

"ನುಂಗ್ದೆ. ಸಂಜೆ ತನಕ ತಲೆ ಸುತ್ತು. ಆನೆಯಿಂದ ಬದುಕಿ ಅಡಿಕೆಯಿಂದ ಸಾಯ್ತೀನೇನೋ ಅನ್ನಿಸ್ತು."

ಇಬ್ಬರೂ ನಕ್ಕೆವು. ಆದರೆ ನನ್ನನ್ನು ಆ ದಿನದಿಂದ ತಿನ್ನುತ್ತಿದ್ದ ಒಂದು ಮಾತಿತ್ತು. ಅದನ್ನು ಕೇಳಿದೆ. "ಅದು ಜೀಪಿನ ಹತ್ರ ಬಂದದ್ದು ನನ್ನ ಬೆಳಕು ನೋಡಿಯೇ ಇರಬಹುದಾ?"

ರುದ್ರಣ್ಣ ಇಲ್ಲ ಎನ್ನಲಿಲ್ಲ. ನನಗೆ ಬೆನ್ನು ಹಾಕಿ ಓಣಿಯನ್ನು ನೋಡುತ್ತ ಕೂತಿದ್ದ. "ಇರ್ಬೋದು," ಎಂದ. "ಇಲ್ದೇನೂ ಇರ್ಬೋದು. ಅದನ್ನ ಕೇಳೋಣ ಅಂದ್ರೆ ಅದು ನನ್ ಫೋನ್ ಮುರಿದ್ಹಾಕಿದೆಯಲ್ಲ." ಮತ್ತೆ ಹೇಳಿದ: "ಬೆರಳ್ ಹಿಡಿದ್ಮೇಲೆ ವ್ಯಾಪಾರ ಆಯ್ತು. ಆಮೇಲೆ ಟವೆಲ್ ತೆಗ್ದು ನೋಡ್ಬಾರ್ದು."

"ಇನ್ಮೇಲಾದ್ರೂ ಪರದೆ ನೋಡ್ತಾ ಕೂರು ರುದ್ರಣ್ಣ. ನನಗಾಗಿ."

"ನೋಡಾಣ," ಎಂದ. ನೋಡಲಿಲ್ಲ. ಬಣಕಲ್ಲಿನ ಅಂಗಡಿಯಿಂದ ಮುಂದಿನ ಕಾರ್ಡಿಗೆ ಪರದೆ ಒಪ್ಪಿಸಿದಾಗ ಕುರ್ಚಿ ತಿರುಗಿದ ಸದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿತು. ಬದಲಾದವನು ನಾನು. ಅವನ ಪರದೆಯ ಮೂಲೆಯಲ್ಲಿ ಏನು ಮಿಂಚಿದರೂ ಓದತೊಡಗಿದೆ. ಅವನಿಗೆ ಹೇಳಲಿಲ್ಲ. ಅಕ್ಷರ ಜೋಡಿಸುವಾಗ ನಡುನಡುವೆ, "ಇದೀಯಾ?" ಎಂದು ಕೇಳುತ್ತಿದ್ದೆ. "ಎಲ್ಲಿಗ್ ಹೋಗ್ಲಿ, ಗುಡ್ಡ ಕಾಯ್ತಿದೀನಿ," ಎನ್ನುತ್ತಿದ್ದ.

ಅವನು ಹೋದದ್ದು ಆನೆಯಿಂದಲ್ಲ, ತೋಟದಲ್ಲೂ ಅಲ್ಲ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಊಟ ಮಾಡಿ ಕುರ್ಚಿಯಲ್ಲಿ ಒರಗಿದವನು ಏಳಲಿಲ್ಲ. ಮಣ್ಣಿಗೆ ಹೋಗಿ ಬಂದೆ. ಎರಡು ದಿನ ಕಳೆದು ಶೈಲಾ ಫೋನ್ ಮಾಡಿದಳು.

"ಅಂಕಲ್, ಅಪ್ಪನ ಶಿವಗಣಾರಾಧನೆ ಕಾರ್ಡ್ ನೀವೇ ಮಾಡ್ಬೇಕು. ಅಪ್ಪನ ಲ್ಯಾಪ್‌ಟಾಪ್ ಆನ್ ಮಾಡಿದೀನಿ."

ಅದೇ ಪರದೆ ತೆರೆಯಿತು. ಶೈಲಾ ನೋಡುತ್ತ ಕೂತಿದ್ದಳು. ನನ್ನ ಬಾಣದ ಹಿಂದೆಯೇ ಅವಳ ಕೈಯೂ ಆಗಾಗ ಅಲುಗುತ್ತಿತ್ತು. "ಫೋಟೋ ಸ್ವಲ್ಪ ಮೇಲೆ ಅಂಕಲ್. ಆ ಬಳ್ಳಿ ಬೇಡ." ಚಿಕ್ಕಪ್ಪ, ಮಾವಂದಿರ ಹೆಸರುಗಳನ್ನು ಅವಳು ಹೇಳಿದ ಕ್ರಮದಲ್ಲಿ ಹಾಕಿದೆ. ಯಾರ ಪಕ್ಕ ಯಾರು ಇರಬಾರದೆಂದು ಹೇಳುವವರಿರಲಿಲ್ಲ. ಕೊನೆಗೆ ಅವನ ಹೆಸರಿನ ಜಾಗ ಮಾತ್ರ ಉಳಿಯಿತು. ಬೆರಳು ಒಂದು ಅಕ್ಷರಕ್ಕೆ ಇನ್ನೊಂದನ್ನು ಒತ್ತಿತು. ಅಳಿಸಿದೆ. ಮತ್ತೆ ತಪ್ಪಿತು.

"ಶೈಲಾ, ಒಂದ್ ಸ್ವಲ್ಪ ಹೊತ್ತು ಆ ಕಡೆ ನೋಡ್ತೀಯಾ ಮಗಾ?"

ಕುರ್ಚಿ ತಿರುಗಿದ ಸದ್ದಾಯಿತು. ಅವಳ ಕೈ ಬಿಟ್ಟ ಬಾಣ ನಿಂತಿತು. ನಾನು ಹೆಸರು ಜೋಡಿಸಿದೆ. ಒತ್ತಕ್ಷರ ಸರಿಯಾಗಿ ಕೂತಿತು. ಮೂಲೆಯಲ್ಲಿ ಯಾವ ಸಂದೇಶವೂ ಮೇಲೇಳಲಿಲ್ಲ.

ಕೆಲಸ ಅಲ್ಲಿಗೆ ಮುಗಿದಿತ್ತು. ಅವಳಿಗೆ "ಆಯ್ತು, ತಿರುಗು" ಎಂದು ಹೇಳಲು ನನಗೆ ಒಂದು ಎಲೆಅಡಿಕೆಯ ಹೊತ್ತು ಹಿಡಿಯಿತು.